ಗುರೆಳ್ಳಿ ಸತ್ತಿಲ್ರಿ, ಮೇಡಂ!

"ಅಲ್ಲೇ ನಿಂದರ್ರಿ! ಓಡಬ್ಯಾಡ್ರಿ!"

ತೋಟದ ಒಳಗಿನಿಂದ ಗಂಡಸಿನ ದನಿ ಬಂತು. ಓಡುವ ಮಾತೆಲ್ಲಿ? ಮಹೇಶ್ವರಿಯ ಕಾಲುಗಳು ಆಗಲೇ ನೆಲಕ್ಕೆ ಅಂಟಿದ್ದವು. ಎದುರಿಗೆ, ಎರಡು ಮಾರು ದೂರದಲ್ಲಿ, ಎಮ್ಮೆಗರುವಿನಷ್ಟು ದಪ್ಪಗಿನ ಕಪ್ಪು ನಾಯಿಯೊಂದು ಸರಪಳಿ ಜಗ್ಗುತ್ತ ನಿಂತಿತ್ತು.

'ಗವಿಸಿದ್ದಪ್ಪಾ... ಇವತ್ತೊಂದಿನ ಕಾಪಾಡಪ್ಪಾ!'

ಅವಳು ಕರೆದದ್ದು ಕೊಪ್ಪಳದ ಗವಿಮಠದ ಅಜ್ಜನನ್ನು. ಓಡಿ ಬಂದವನು ಮಾತ್ರ ಅದೇ ಹೆಸರಿನ ಬೇರೊಬ್ಬ, ಗವಿಸಿದ್ದೇಶ. ಮೂವತ್ತರ ಆಸುಪಾಸಿನ ಆಳು, ಬೆರಳ ತುದಿಗೆಲ್ಲ ಹೂವಿನ ಹಳದಿ ಪುಡಿ. ಬಂದವನೇ ನಾಯಿಯ ಕೊರಳ ಪಟ್ಟಿ ಹಿಡಿದು ಕೂರಿಸಿದ.

"ಗೇಟಿನ ಮ್ಯಾಲೆ ಇಷ್ಟುದ್ದ ಬರದೀನಲ್ರಿ, 'ನಾಯಿ ಐತಿ, ಕೂಗಿ ಕರೀರಿ' ಅಂತ. ಓದಾಕ ಬರಂಗಿಲ್ಲೇನ್ರಿ?"

ಬರೆದದ್ದು ನಿಜ. ಇವಳು ನೋಡದೆ ಒಳಗೆ ಬಂದದ್ದೂ ನಿಜ. ಆದರೆ ಹೆದರಿ ನಡುಗುತ್ತಿದ್ದ ಹುಡುಗಿ ತಪ್ಪು ಒಪ್ಪಿಕೊಳ್ಳುತ್ತಾಳೆಯೇ? ಹೆದರಿಕೆಯೆಲ್ಲ ಸಿಟ್ಟಾಗಿ ನಾಲಗೆಗೆ ಬಂತು.

"ನಾಯಿಗೆ ಲೈಸೆನ್ಸ್ ಐತೇನ್ರಿ?"

"ಏನ್ರೀ?"

"ಲೈಸೆನ್ಸ್ ರೀ! ಪುರಸಭಿ ಲೈಸೆನ್ಸ್! ನಾ ಆರೋಗ್ಯ ನಿರೀಕ್ಷಕಿ ಅದೀನಿ. ಡೆಂಗಿ ಸರ್ವೇಕ್ಕ ಬಂದೀನಿ, ನಾಯಿ ಕಡಸ್ಕೊಳ್ಳಾಕ ಬಂದಿಲ್ಲ!"

ಅಂಥದೊಂದು ನಿಯಮವನ್ನು ಅವಳು ನೌಕರಿಯ ಪರೀಕ್ಷೆಗೆ ಓದಿದ್ದಳು. ಅದಾದ ಮೇಲೆ ಆ ಲೈಸೆನ್ಸಿನ ಮುಖವನ್ನು ಅವಳೂ ಕಂಡಿರಲಿಲ್ಲ, ಆ ಊರೂ ಕಂಡಿರಲಿಲ್ಲ. ಊರು ಯಾವುದು ಅಂತ ಕೇಳಬೇಡಿ. ಕುಷ್ಟಗಿ ಕಡೆಯದು ಅಂದುಕೊಳ್ಳಿ, ಯಲಬುರ್ಗಾ ಕಡೆಯದು ಅಂದುಕೊಳ್ಳಿ, ಮಹೇಶ್ವರಿಯ ನೌಕರಿಗೆ ಸಂಚಕಾರ ಬರಬಾರದು ಅಷ್ಟೆ.

ಅವನು ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದಳು. ಅವನು ಕೈ ಒರೆಸಿಕೊಂಡು ಹೇಳಿದ.

"ಗೊತ್ತಿದ್ದಿದ್ದಿಲ್ರಿ. ನಾಳೆ ಬಂದು ಮಾಡಸ್ತೀನಿ."

ಮರುದಿನ ಹತ್ತು ಗಂಟೆಗೆ ಸರಿಯಾಗಿ ಬಂದೇಬಿಟ್ಟ! ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ನಾಯಿಯ ಲಸಿಕೆ ಕಾರ್ಡು, ಪಾಸ್‌ಪೋರ್ಟ್ ಅಳತೆಯ ಫೋಟೋ. ಫೋಟೋ ಅವನದಲ್ಲ, ನಾಯಿಯದು!

ಕಚೇರಿಯಲ್ಲಿ ನಾಯಿಗಳ ರಿಜಿಸ್ಟರೇ ಇರಲಿಲ್ಲ. ಜವಾನ ಹೈದರಸಾಬ ಕಪಾಟೆಲ್ಲ ತಡಕಾಡಿ ಒಂದು ಖಾಲಿ ಪುಸ್ತಕ ತಂದುಕೊಟ್ಟ. ಮಹೇಶ್ವರಿ ಸ್ಕೇಲು ಹಿಡಿದು ಗೆರೆ ಎಳೆದು, ಕ್ರಮ ಸಂಖ್ಯೆ ಒಂದು ಅಂತ ಬರೆದಳು.

"ತಳಿ?"

"ರಾಟ್‌ವೀಲರ್ ರಿ."

"ಹೆಸರು?"

"ಗುರೆಳ್ಳಿ."

ಪೆನ್ನು ನಿಂತಿತು. ಹುಚ್ಚೆಳ್ಳಿಗೆ ಆ ಕಡೆ ಗುರೆಳ್ಳು ಅನ್ನುತ್ತಾರೆ; ನಗು ತಡೆಯಲು ಅವಳು ತುಟಿ ಕಚ್ಚಿಕೊಂಡಳು.

"ನಮ್ಮವ್ವ ಇಟ್ಟಾಳ್ರಿ. ಗುರೆಳ್ಳು ಹಿಂಡಿಹಂಗ ಕರ್ರಗ ಐತಲ್ರಿ, ಅದಕ್ಕ... ಬೀಜದ ಕಂಪನಿ ಮ್ಯಾನೇಜರ್ ಒಬ್ರು ವರ್ಗ ಆಗಿ ಹೋಗುವಾಗ ಶೆಡ್ಡಿನ್ಯಾಗ ಕಟ್ಟಿ ಹೋಗಿಬಿಟ್ಟಿದ್ರು. ಮೂರು ದಿನ ನೀರಿಲ್ಲದ ಬಿದ್ದಿತ್ತು. ನಾ ತಂದೆ." ಆಮೇಲೆ ಖಾಲಿ ಪುಟ ನೋಡಿ ಕೇಳಿದ, "ಇಡೀ ಊರಾಗ ನಾಯಿ ಸಾಕಿದಾಂವ ನಾ ಒಬ್ಬನ ಏನ್ರಿ?"

"ಸಾಕಿದಾವ್ರು ಭಾಳ ಮಂದಿ ಅದಾರ್ರಿ. ಬಂದು ಬರಸಿದಾವ್ರು ನೀವೊಬ್ರ."

ಅವನು ನಕ್ಕ. ಅವಳೂ ನಕ್ಕಳು. ಹೈದರಸಾಬ ಇಬ್ಬರ ಮುಖವನ್ನೂ ನೋಡಿ, ಚಹಾ ತರುತ್ತೇನೆಂದು ಹೇಳಿ ಹೊರಗೆ ಹೋದ.

ಇದು 2022ರ ಮಾತು.

ಆಮೇಲೆ ಎರಡು ವರ್ಷ ಡೆಂಗಿಯ ಸರ್ವೇ ಆ ತೋಟಕ್ಕೆ ಹೋದಷ್ಟು ಸಲ ಬೇರೆಲ್ಲಿಗೂ ಹೋಗಲಿಲ್ಲ ಅಂದರೆ ನಿಮಗೆ ಅರ್ಥವಾಗುತ್ತದೆ ಅಲ್ಲವೇ?

ಸಿದ್ದೇಶನದು ಟೊಮೆಟೊ ಬೀಜೋತ್ಪಾದನೆ. ಬಲೆ ಕಟ್ಟಿದ ಮನೆಯೊಳಗೆ ಹೆಣ್ಣುಮಕ್ಕಳು ಒಂದೊಂದೇ ಹೂವಿಗೆ ಬೇರೆ ಗಿಡದ ಪುಡಿ ಮುಟ್ಟಿಸುವ ಕೆಲಸ. ಆ ಕಡೆ ಅದಕ್ಕೆ ಕ್ರಾಸಿಂಗ್ ಅಂತಲೇ ಹೆಸರು. ಹೆಣ್ಣುಮಕ್ಕಳು ಬರುವ ಹೊತ್ತಿಗೆ ಗುರೆಳ್ಳಿ ಸರಪಳಿಯಲ್ಲಿ ಇರಲೇಬೇಕು. ಹೊರಗೆ ಕರೆದೊಯ್ದರೆ ಬಾಯಿಗೆ ಪಟ್ಟಿ ಕಟ್ಟಲೇಬೇಕು. ಲಸಿಕೆಯ ದಿನ ಅವನು ಯಾವ ಮದುವೆಗೂ ಹೋಗುತ್ತಿರಲಿಲ್ಲ.

ಅವನ ತಾಯಿ ಯಮನೂರಮ್ಮ ಚಹಾ ಕೊಡುತ್ತಿದ್ದಳು. ಮಹೇಶ್ವರಿ ಗೇಟಿನ ಆಚೆಯೇ ನಿಂತು ಕುಡಿಯುತ್ತಿದ್ದಳು.

"ಒಳಗ ಬಾ ತಂಗಿ. ಅಕಿ ಏನೂ ಮಾಡಂಗಿಲ್ಲ."

"ಬ್ಯಾಡ್ರಿ ಅತ್ತಿ... ಇಲ್ಲೇ ಛಲೋ ಗಾಳಿ ಐತಿ."

ಗಾಳಿ ಎರಡೂ ಕಡೆ ಒಂದೇ ಇತ್ತು. ಅವಳಿಗೆ ಏಳು ವರ್ಷವಿದ್ದಾಗ ತವರೂರು ತಳಕಲ್ಲಿನ ಓಣಿಯಲ್ಲಿ ನಾಯಿಯೊಂದು ಅಟ್ಟಿಸಿಕೊಂಡು ಬಂದಿತ್ತು, ಆ ಹೆದರಿಕೆ ಇನ್ನೂ ಬಿಟ್ಟಿರಲಿಲ್ಲ. ಸಿದ್ದೇಶ ಒಮ್ಮೆಯೂ ಅವಳನ್ನು ಒತ್ತಾಯಿಸಲಿಲ್ಲ. 'ಹೆದರಿಕಿ ಆದ್ರ ಹೆದರ್ರಿ, ಅದರಾಗೇನೈತಿ' ಅನ್ನುತ್ತಿದ್ದ. ಅವಳಿಗೆ ಅವನಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅದೇ ಮಾತು. ಹಿಡಿಸಿದೆ ಅಂತ ಮಾತ್ರ ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಎರಡನೆಯ ಚಳಿಗಾಲದಲ್ಲಿ ಗುರೆಳ್ಳಿ ಏದುಸಿರು ಬಿಡತೊಡಗಿತು. ಆಗಲೇ ಅದಕ್ಕೆ ಒಂಬತ್ತು ವರ್ಷ. ಪಶು ಆಸ್ಪತ್ರೆಯ ಡಾಕ್ಟರ್ ಮುಬಾಶಿರಾ ಪರೀಕ್ಷೆ ಮಾಡಿ ಹೇಳಿದ್ದನ್ನು ಸಿದ್ದೇಶ ಗೇಟಿನ ಬಳಿ ನಿಂತು ಮಹೇಶ್ವರಿಗೆ ಹೇಳಿದ.

"ಎದಿ ದೊಡ್ಡದಾಗೈತಂತ್ರಿ. ಗುಳಿಗಿ ನುಂಗ್ಸಿ ನಡಸ್ಬಹುದಂತ. ಆದ್ರ ಮತ್ತು ಬರೋ ಇಂಜೆಕ್ಷನ್ ಮಾತ್ರ ಯಾವತ್ತೂ ಕೊಡಸಬ್ಯಾಡ್ರಿ, ಕೊಟ್ರ ಮತ್ತ ಏಳಂಗಿಲ್ಲ ಅಂದ್ರು."

ಅವತ್ತು ಮನೆಗೆ ಹೋಗಿ ಮಹೇಶ್ವರಿ ಅತ್ತಳು. ತಾನು ಮುಟ್ಟಿಯೂ ನೋಡದ ನಾಯಿಗಾಗಿ!

* * *

2024ರ ಮಾರ್ಚ್.

ದಿಲ್ಲಿಯಿಂದ ಒಂದು ಸುತ್ತೋಲೆ ಹೊರಟಿತು. ಇಪ್ಪತ್ತಮೂರು ತಳಿಯ ನಾಯಿಗಳು ಅಪಾಯಕಾರಿ. ಅವುಗಳಿಗೆ ಲೈಸೆನ್ಸ್ ಕೊಡಬಾರದು, ಮಾರಬಾರದು, ಈಗಾಗಲೇ ಸಾಕಿದ್ದರೆ ಸಂತಾನಹರಣದ ಆಪರೇಷನ್ ಮಾಡಿಸಬೇಕು. ಪಟ್ಟಿಯಲ್ಲಿ ರಾಟ್‌ವೀಲರ್ ಇತ್ತು.

ಅದೇ ವಾರ ಸಂತೆಯ ದಿನ ಬೀದಿನಾಯಿಯೊಂದು ಹಾಲು ಹಾಕುವವನ ಕಾಲಿನ ಮೀನಖಂಡ ಕಚ್ಚಿತ್ತು. ಊರವರು ಪುರಸಭೆಯ ಮುಂದೆ ಬಂದು ಕೂತರು. ಮುಖ್ಯಾಧಿಕಾರಿ ಗೋವಿಂದರಾಜ ಸಾಹೇಬರಿಗೆ ಏನಾದರೂ ಮಾಡಿ ತೋರಿಸಲೇಬೇಕಿತ್ತು.

"ಮಹೇಶ್ವರಿಯವ್ರ, ಟಿವಿಯಾಗ ನೋಡೀರಲ್ಲ? ನಮ್ಮ ಊರಾಗ ಅಂಥ ನಾಯಿ ಯಾವ್ಯಾವು ಅದಾವ, ಲಿಸ್ಟ್ ಕೊಡ್ರಿ. ಎರಡು ದಿನದಾಗ ವ್ಯಾನ್ ಕಳಸಿ ಆಪರೇಷನ್ ಮಾಡಿಸಿಬಿಡೋಣು."

"ಸರ್... ಕಡಿದಿದ್ದು ಬೀದಿ ನಾಯಿರಿ..."

"ಬೀದಿ ನಾಯಿಗೆ ಮಾಲೀಕ ಯಾರು? ನೋಟೀಸ್ ಯಾರಿಗೆ ಕೊಡ್ಲಿ? ರಿಜಿಸ್ಟರ್‌ನಾಗ ಇದ್ದಾವ್ರನ್ನ ಕೊಡ್ರಿ."

ಅವಳು ತನ್ನ ಮೇಜಿಗೆ ಬಂದು ರಿಜಿಸ್ಟರ್ ತೆರೆದಳು. ಎರಡು ವರ್ಷದಲ್ಲಿ ಅದರೊಳಗೆ ಸೇರಿದ್ದು ಒಂದೇ ಒಂದು ಹೆಸರು. ಊರಲ್ಲಿ ಅಂಥವೇ ಇನ್ನೂ ನಾಲ್ಕೈದು ನಾಯಿಗಳಿವೆ ಅಂತ ಅವಳಿಗೆ ಗೊತ್ತು. ಒಂದಂತೂ ಚೇರ್ಮನ್ನರ ಅಳಿಯನ ಮನೆಯಲ್ಲೇ ಇದೆ. ಅವು ಯಾವುದೂ ಇಲ್ಲಿ ಇಲ್ಲ. ಕಾನೂನಿನ ಮಾತು ಕೇಳಿದ ಮನುಷ್ಯನ ಮನೆ ಬಾಗಿಲಿಗೇ ಕಾನೂನು ಹೊರಟಿತ್ತು.

'ನಾನ ಬರಸಿದೆ... ನಾನ ಗಂಟು ಬಿದ್ದು ಬರಸಿದೆ! ನಾ ಸುಮ್ಮನಿದ್ದಿದ್ರ ಗುರೆಳ್ಳಿ ಈ ಪುಸ್ತಕದಾಗ ಇರತಿದ್ದಿಲ್ಲ!'

ಆಪರೇಷನ್ ಅಂದರೆ ಮತ್ತಿನ ಇಂಜೆಕ್ಷನ್. ಇಂಜೆಕ್ಷನ್ ಅಂದರೆ ಗುರೆಳ್ಳಿ ಏಳುವುದಿಲ್ಲ. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವ, ಪ್ರೀತಿಯಲ್ಲಿ ಬಿದ್ದ ಹುಡುಗಿಗೆ ಮಾತ್ರ ಹೊಳೆಯಬಹುದಾದ ಒಂದು ಉಪಾಯ ಹೊಳೆಯಿತು. ಷರಾ ಕಾಲಮ್ಮಿನಲ್ಲಿ ಅವಳು ಬರೆದಳು:

'ನಾಯಿ ಮೃತಪಟ್ಟಿದೆ. ಕಡತ ಮುಕ್ತಾಯ.'

ಕೆಳಗೆ ಸಹಿ ಮಾಡಿ, ಸಾಹೇಬರಿಗೆ "ಯಾವೂ ಇಲ್ರಿ ಸರ್" ಅಂತ ವರದಿ ಕೊಟ್ಟಳು. ಸಂಜೆ ಹೋಗಿ ಸಿದ್ದೇಶನಿಗೆ ಮೆಲ್ಲಗೆ ಹೇಳಬೇಕು ಅಂದುಕೊಂಡಳು. ಆದರೆ ಸಂಜೆಯ ತನಕ ಕಾಯುವವನೇ ಅವನು?

ಮಾರ್ಚ್ ಬಂತಲ್ಲ, ಲೈಸೆನ್ಸ್ ನವೀಕರಣ ಮಾಡಿಸಬೇಕಲ್ಲ! ಅವತ್ತು ಮಧ್ಯಾಹ್ನವೇ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಮಹೇಶ್ವರಿ ಸಾಹೇಬರ ಕೋಣೆಯಲ್ಲಿದ್ದಳು. ಏನೂ ಅರಿಯದ ಹೈದರಸಾಬ "ಕೂಡ್ರಿ, ನಾ ತಗದು ಕೊಡ್ತೀನಿ" ಅಂತ ರಿಜಿಸ್ಟರ್ ತೆರೆದು ಅವನ ಮುಂದಿಟ್ಟ.

ಅವಳು ಹೊರಗೆ ಬಂದಾಗ ಸಿದ್ದೇಶ ಆ ಪುಟದ ಮೇಲೆ ಬೆರಳಿಟ್ಟು ನಿಂತಿದ್ದ.

"ಗುರೆಳ್ಳಿ ಸತ್ತಿಲ್ರಿ, ಮೇಡಂ."

ದನಿ ಏರಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಸಿದ್ದೇಶವ್ರ, ಅದು..."

"ಮುಂಜಾನಿ ರೊಟ್ಟಿ ತಿಂದೈತಿ. ಗುಳಿಗಿ ನುಂಗೈತಿ. ಟಿವಿಯಾಗ ಸುದ್ದಿ ಬಂತು, ನಾ ಹೆದರಲಿಲ್ರಿ. ನಮ್ಮ ಮೇಡಂ ಅದಾರ, ಹೇಳಿ ಕೇಳಿ ಮಾಡ್ತಾರ ಅಂದೆ. ನೀವು ವ್ಯಾನ್ ಬರೋಕಿಂತ ಮೊದಲ ಸಾವು ಬರದ ಇಟ್ಟೀರಿ! ಒಯ್ದು ಕೊಂದ ಮ್ಯಾಲೆ ಬರಿಯಾಕ ಹೊತ್ತು ಸಿಗಂಗಿಲ್ಲ ಅಂತೇನ್ರಿ?"

"ಅಯ್ಯೋ, ಹಂಗಲ್ರೀ..."

ಸಾಹೇಬರು ಒಳಗೆ ಫೋನಿನಲ್ಲಿದ್ದರು, ಕೋಣೆಯ ಬಾಗಿಲು ತೆರೆದೇ ಇತ್ತು. ನಾಲ್ಕು ಮೇಜಿನವರು ಕತ್ತೆತ್ತಿ ನೋಡುತ್ತಿದ್ದರು. ಅವರೆದುರಿಗೆ 'ಉಳಿಸಾಕ ಸುಳ್ಳು ಬರದೀನಿ' ಅಂತ ಹೇಳುವುದು ಹೇಗೆ?

ಅವನು ಲಸಿಕೆ ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟುಹೋದ.

* * *

ಕಚೇರಿ ಬಿಟ್ಟೊಡನೆ ಅವಳು ತೋಟಕ್ಕೆ ಓಡಿದಳು. ಗೇಟು ತೆರೆದೇ ಇತ್ತು. ಸರಪಳಿ ಖಾಲಿ ಬಿದ್ದಿತ್ತು. ಆ ಮೊದಲ ದಿನ ಬಿಟ್ಟರೆ ಎರಡು ವರ್ಷದಲ್ಲಿ ಇದೇ ಮೊದಲ ಸಲ ಅವಳು ಗೇಟು ದಾಟಿ ಒಳಗೆ ಬಂದಳು, ಒಳಗೆ ಹೆದರಬೇಕಾದ್ದು ಏನೂ ಇರಲಿಲ್ಲ.

ಯಮನೂರಮ್ಮ ಕಟ್ಟೆಯ ಮೇಲೆ ಕೂತಿದ್ದಳು.

"ಹೋಗ್ಯಾನವ್ವ. ಗೂಡ್ಸ್ ಗಾಡಿ ಮಾಡ್ಕೊಂಡು ಆನೆಗೊಂದಿಗೆ, ಅವರಕ್ಕ ಕಸ್ತೂರೆಮ್ಮನ ಬಾಳಿ ತೋಟಕ್ಕ ಹೋಗ್ಯಾನ. ಹೂವು ಬಿಟ್ಟ ಹೊತ್ತಿನ್ಯಾಗ ಕ್ರಾಸಿಂಗ್ ಕೆಲಸ ಬಿಟ್ಟು ಹೋಗ್ಯಾನ ನೋಡು! ಇಂಥ ಬಿಸಲಾಗ ಆ ಎದಿ ಬ್ಯಾನಿ ನಾಯಿ ಕಟಗೊಂಡು..."

ಮಹೇಶ್ವರಿ ಅವಳ ಕಾಲ ಬಳಿ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಬಿಕ್ಕಿದಳು.

ಯಮನೂರಮ್ಮ ಅವಳ ತಲೆ ಸವರಿದಳು. "ಸತ್ತ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಂತ ಬಿಡವ್ವ. ಆದ್ರ ಒಂದು ಕೇಳ್ತೀನಿ. ಬರದದ್ದು ಹಂಗ ಇದ್ರ ನನ್ನ ಮಗ ಆ ನಾಯಿನ್ನ ಹೊರಗ ಹೆಂಗ ತರಬೇಕು? ಆಸ್ಪತ್ರಿಗೆ ಹೆಂಗ ಒಯ್ಬೇಕು? ಇಷ್ಟು ದಿನ ನೆಟ್ಟಗ ನಡದಾಂವ ಇನ್ನ ಕಳ್ಳನಂಗ ಇರಬೇಕೇನು?"

ಮಹೇಶ್ವರಿ ಕಣ್ಣೊರೆಸಿಕೊಂಡು ಎದ್ದಳು.

ಮರುದಿನ ಬೆಳಿಗ್ಗೆ ಮೊದಲು ಪಶು ಆಸ್ಪತ್ರೆಗೆ ಹೋದಳು. ಡಾಕ್ಟರ್ ಮುಬಾಶಿರಾ ಹಳೆಯ ಚೀಟಿಗಳನ್ನೆಲ್ಲ ತೆಗೆದು ನೋಡಿ, ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು: ಹೃದಯದ ಕಾಯಿಲೆ, ಅರಿವಳಿಕೆ ಕೊಟ್ಟರೆ ಪ್ರಾಣಕ್ಕೆ ಅಪಾಯ, ಆಪರೇಷನ್ ಮಾಡಬಾರದು.

"ನಿಮಗ ನಾಯಿ ಅಂದ್ರ ಹೆದರಿಕಿ ಅಂತ ಸಿದ್ದೇಶ ಹೇಳಿದ್ರಲ್ಲ?" ಡಾಕ್ಟರ್ ಕನ್ನಡಕದ ಮೇಲಿಂದ ನೋಡಿದರು.

"ಈಗೂ ಐತ್ರಿ ಮೇಡಂ," ಅಂದಳು ಮಹೇಶ್ವರಿ.

ಆಮೇಲೆ ಸಾಹೇಬರ ಮೇಜಿನ ಮೇಲೆ ರಿಜಿಸ್ಟರ್ ತೆರೆದಿಟ್ಟಳು. ಹಿಂದಿನ ಬರಹಕ್ಕೆ ಅಡ್ಡಗೆರೆ ಎಳೆದು, ಕೆಂಪು ಶಾಯಿಯಲ್ಲಿ ಬರೆದಿದ್ದಳು: 'ಮೇಲಿನ ಷರಾ ಸುಳ್ಳು. ನಾಯಿ ಜೀವಂತವಿದೆ. ತಪ್ಪು ನನ್ನದು.'

ಗೋವಿಂದರಾಜ ಸಾಹೇಬರು ಕೆಂಡವಾದರು. "ನೌಕರಿ ಹೋಗ್ತೈತಿ, ಗೊತ್ತೈತೇನು ನಿಮಗ?"

"ಗೊತ್ತೈತ್ರಿ ಸರ್. ಮೆಮೊ ಕೊಡ್ರಿ, ತಗೋತೀನಿ. ಆದ್ರ ಒಂದು ಮಾತು ಕೇಳ್ರಿ. ಇಡೀ ಊರಾಗ ನಮ್ಮ ಮಾತು ನಂಬಿ ಬಂದು ನಾಯಿ ಬರಸಿದಾಂವ ಒಬ್ಬನ. ಲಸಿಕಿ ಹಾಕ್ಸ್ಯಾನ, ಕಟ್ಟ್ಯಾನ, ಬಾಯಿಗೆ ಪಟ್ಟಿ ಹಾಕ್ಯಾನ. ಎರಡು ವರ್ಷದಾಗ ಅಕಿ ಒಬ್ಬರಿಗೂ ಹಲ್ಲು ತಾಕ್ಸಿಲ್ಲ. ಅವನ ಮನಿಗೇ ಮೊದಲು ವ್ಯಾನ್ ಹೋದ್ರ, ನಾಳೆ ಯಾರು ಬರ್ತಾರ್ರಿ ನಮ್ಮ ಹಂತ್ಯಾಕ? ಎಲ್ಲಾರೂ ಮುಚ್ಚಿಡ್ತಾರ. ನಾನ ಮುಚ್ಚಿಟ್ಟೆ ನೋಡ್ರಿ, ಸರಕಾರದ ನೌಕರಿ ಮಾಡಾಕಿ!"

ಸಾಹೇಬರು ಡಾಕ್ಟರ ಪತ್ರವನ್ನು ಎರಡು ಸಲ ಓದಿದರು. ಅವರಿಗೂ ಕಚೇರಿಯ ಮೇಲೆ ಸಾವಿನ ಅಪವಾದ ಬೇಕಿರಲಿಲ್ಲ.

"ಈ ಸರ್ಟಿಫಿಕೇಟ್ ಹಚ್ಚಿ ಜಿಲ್ಲಾ ಕಚೇರಿಗೆ ಬರೀರಿ. ಉತ್ತರ ಬರೋತನಕ ಆ ನಾಯಿ ಹಂತ್ಯಾಕ ಯಾರೂ ಹೋಗೂದು ಬ್ಯಾಡ," ಅಂದರು. ಆಮೇಲೆ ಸೇರಿಸಿದರು, "ಮೆಮೊ ಮಾತ್ರ ಬಿಡಂಗಿಲ್ಲ ನೋಡ್ರಿ."

"ಬಿಡಬ್ಯಾಡ್ರಿ ಸರ್!" ಅಂದಳು ಅವಳು. ಮೆಮೊ ಸಿಕ್ಕಿದ್ದಕ್ಕೆ ಅಷ್ಟು ಖುಷಿಪಟ್ಟ ನೌಕರರನ್ನು ಸಾಹೇಬರು ಹಿಂದೆಂದೂ ನೋಡಿರಲಿಲ್ಲ.

* * *

ಭಾನುವಾರ. ಗಂಗಾವತಿಯಲ್ಲಿ ಬಸ್ ಬದಲಿಸಿ ಅವಳು ಆನೆಗೊಂದಿಗೆ ಬಂದು ಇಳಿದಾಗ ಹನ್ನೊಂದು ಗಂಟೆ. ಕೇಳುತ್ತ ಕೇಳುತ್ತ ಕಸ್ತೂರೆಮ್ಮನ ಬಾಳೆ ತೋಟ ಸೇರಿದಳು.

ನೀರು ಹಾಯಿಸಿದ ತಂಪು ನೆಲದ ಮೇಲೆ ಗುರೆಳ್ಳಿ ಮಲಗಿತ್ತು. ಪಕ್ಕದಲ್ಲಿ ಸಿದ್ದೇಶ ಒದ್ದೆ ಟವೆಲ್ಲಿನಿಂದ ಅದರ ಎದೆ ಒರೆಸುತ್ತಿದ್ದ. ಮುಖದಲ್ಲಿ ನಾಲ್ಕು ದಿನದ ಗಡ್ಡ. ಅವಳನ್ನು ಕಂಡು ಎದ್ದು ನಿಂತ.

"ವ್ಯಾನ್ ಎಲ್ಲೈತ್ರಿ?"

"ವ್ಯಾನ್ ಇಲ್ರಿ. ನಾ ಒಬ್ಬಾಕಿನ ಬಂದೀನಿ."

"ಯಾಕ?"

"ಬೈಸ್ಕೊಳ್ಳಾಕ."

ಅವಳು ನಿಂತಲ್ಲೇ ಒಂದೇ ಉಸಿರಿನಲ್ಲಿ ಹೇಳಿದಳು. ಲಿಸ್ಟ್ ಕೇಳಿದ್ದು, ತಾನು ಹೆದರಿದ್ದು, ಸುಳ್ಳು ಬರೆದದ್ದು, ಕೆಂಪು ಶಾಯಿಯಲ್ಲಿ ತಿದ್ದಿದ್ದು. ಡಾಕ್ಟರ ಪತ್ರದ ಪ್ರತಿ ಕೊಟ್ಟಳು. ಮೆಮೊ ಕೂಡ ತೋರಿಸಿದಳು.

ಸಿದ್ದೇಶ ಕಾಗದಗಳನ್ನು ಓದಿದ. ಓದುತ್ತ ಓದುತ್ತ ಕೂತುಬಿಟ್ಟ.

"ನಾನೂ ತಳಿ ನೋಡಿ ಕೀಳಾಂವನ್ರಿ ಮೇಡಂ," ಅಂದ ಕೊನೆಗೆ. "ಸಾಲಿನ್ಯಾಗ ಬ್ಯಾರೆ ತಳಿ ಗಿಡ ಬಂತಂದ್ರ ಕಿತ್ತು ಒಗೀತೀನಿ. ದಿನಾ ಮಾಡ್ತೀನಿ. ಆದ್ರ ಗಿಡಕ್ಕ ನನ್ನ ಗುರುತು ಇರಂಗಿಲ್ರಿ. ಇದಕ್ಕ ಐತಿ. ಗಾಡಿ ಸಪ್ಪಳ ಕೇಳಿ ಎದ್ದು ನಿಂದ್ರತೈತಿ. ಇದನ್ನ ಹೆಂಗ ಕೊಡ್ಲಿ ಹೇಳ್ರಿ?"

"ಕೊಡಬ್ಯಾಡ್ರಿ. ಯಾರಿಗೂ ಕೊಡಬ್ಯಾಡ್ರಿ."

ಅವನ ಕಣ್ಣುಗಳು ತುಂಬಿದವು. "ನಿಮಗ ಕೊಲಿಗಾರ್ತಿ ಅಂದ್ಹಂಗ ಅಂದುಬಿಟ್ಟೆ ನಾ... ಮಂದಿ ಮುಂದ..."

"ಅಂದ್ರ ಏನಾತು? ಸಾವು ಬರದಾಕಿ ನಾನಲ್ರಿ?"

ಅವಳು ನಗಲು ಹೋದಳು, ಅಳು ಬಂತು. ನಿಲ್ಲಲಾರದೆ ಅಲ್ಲೇ ಒದ್ದೆ ನೆಲದ ಮೇಲೆ ಕೂತಳು. ಗುರೆಳ್ಳಿ ಕಣ್ಣು ತೆರೆಯಿತು. ಮೆಲ್ಲಗೆ ತೆವಳಿ ಬಂದು, ತನ್ನ ದೊಡ್ಡ ಭಾರದ ತಲೆಯನ್ನು ಅವಳ ತೊಡೆಯ ಮೇಲಿಟ್ಟಿತು.

ಮಹೇಶ್ವರಿ ಎರಡೂ ಕೈ ಮೇಲೆತ್ತಿದಳು. ಸಿದ್ದೇಶ ಕೈ ಮುಂದೆ ಚಾಚಿದ.

"ತಗೀಲೇನ್ರಿ?"

"...ಬ್ಯಾಡ್ರಿ. ಇರ್ಲಿ."

ಎತ್ತಿದ ಕೈ ಮೆಲ್ಲಗೆ ಆ ಕಪ್ಪು ಹಣೆಯ ಮೇಲಿಳಿಯಿತು. ಬೆಚ್ಚಗಿತ್ತು. ಇಷ್ಟು ದಿನ ಹೆದರಿದ್ದು ಇದಕ್ಕೇನಾ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಇಷ್ಟೆಲ್ಲಾ ಯಾಕ್ರಿ ಮಾಡಿದ್ರಿ?" ಸಿದ್ದೇಶನ ದನಿ ಸಣ್ಣಗಾಗಿತ್ತು. "ನಾಯಿ ಸಲುವಾಗಿ?"

"ಮೊದಲು ನಾಯಿ ಸಲುವಾಗಿ ಅಂತ ಅನ್ಕೊಂಡಿದ್ನಿರಿ." ಅವಳು ತಲೆಯೆತ್ತಲಿಲ್ಲ. "ಬಸ್ಸಿನ್ಯಾಗ ಕುಂತಾಗ ಗೊತ್ತಾತು. ನಿಮ್ಮ ಸಲುವಾಗಿ. ನೀವು ಇನ್ನ ಆಫೀಸಿಗೆ ಬರಂಗಿಲ್ಲ, ನನ್ನ ಕೂಡ ಮಾತಾಡಂಗಿಲ್ಲ ಅಂದ್ರ... ನನಗ ಆಗಂಗಿಲ್ರಿ. ಭಾಳ ಜೀವ ಅದೀರಿ ನೀವು ನನಗ."

ಆಮೇಲೆ ಬೆಂಗಳೂರಿನ ಹೈಕೋರ್ಟು ಆ ಸುತ್ತೋಲೆಯನ್ನೇ ರದ್ದು ಮಾಡಿತು, ವ್ಯಾನು ಯಾವ ಮನೆಗೂ ಹೋಗಲಿಲ್ಲ. ಅದೆಲ್ಲ ಮುಂದಿನ ಮಾತು. ಅವತ್ತು ಆ ಬಾಳೆ ತೋಟದಲ್ಲಿ ಇಬ್ಬರಿಗೂ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಸಿದ್ದೇಶನಿಗೆ ಕೇಳಿಸುತ್ತಿತ್ತೋ ಇಲ್ಲವೋ! ಅವನು ಅವಳ ಕೊನೆಯ ಮಾತಿನಲ್ಲೇ ನಿಂತುಬಿಟ್ಟಿದ್ದ.

"ನಾ ಎರಡು ವರ್ಷದಿಂದ ಹೇಳಬೇಕಂತ ಇದ್ದೆ," ಅಂದ. "ನೀವು ನೌಕರಿ ಮಾಡಾವ್ರು. ನಾ ಹೊಲದಾಗ ಇರಾಂವ. ಅದಕ್ಕ ಬಾಯಿ ಬರಲಿಲ್ಲ."

"ಈಗ ಬಂದೈತಲ್ಲ, ಹೇಳ್ರಿ."

ಅವನು ನಕ್ಕ. ಗಡ್ಡದೊಳಗೂ ಅವನ ಮುಖ ಕೆಂಪಾದದ್ದು ಕಾಣುತ್ತಿತ್ತು.

"ಹೆಣ್ಣು ಕೇಳಾಕ ತಳಕಲ್ಲಿಗೆ ಬರ್ಲೇನ್ರಿ?"

"ಯಾರ್ಯಾರು ಬರ್ತೀರಿ?"

"ನಾನು, ಅವ್ವ, ಅಕ್ಕ..." ಅವನು ನಾಯಿಯ ಕಡೆ ನೋಡಿ ತಡೆದ. "ಇಕಿನ್ನ ಒಬ್ಬಾಕಿನ್ನ ಬಿಟ್ಟು ಬರಾಕ ಆಗಂಗಿಲ್ರಿ. ಹೊತ್ತಿಗೆ ಸರಿ ಗುಳಿಗಿ ಕೊಡಬೇಕು. ಆದ್ರ ಇಕಿನ್ನ ನೋಡಿ ನಿಮ್ಮ ಮನಿಯಾಗ ಹೆದರಿ ಬಾಗಲಾ ಹಾಕ್ಕೊಂಡ್ರ?"

ಮಹೇಶ್ವರಿ ತೊಡೆಯ ಮೇಲಿನ ತಲೆಯಿಂದ ಕೈ ತೆಗೆಯಲಿಲ್ಲ.

"ಕರ್ಕೊಂಡು ಬರ್ರಿ," ಅಂದಳು. "ಬಾಗಲಾ ನಾ ತಗೀತೀನಿ."